ಪರಿಷೆಯಲ್ಲಿ ಜೊತೆ ತಪ್ಪದಿರಲಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯನ್ನು ಅರಿಯದ ಬೆಂಗಳೂರಿಗರು ವಿರಳ. ದೊಡ್ಡಬಸವಣ್ಣನ ಗುಡಿಯ ಮುಂದೆ, ರಸ್ತೆಯ ಇಕ್ಕೆಲಗಳಲ್ಲಿ ರಾಶಿ ರಾಶಿಯಾಗಿ ಸುರಿದ ಕಡಲೆಕಾಯಿ, ಅದರ ನಡುವೆ ಹೆಜ್ಜೆಗೊಂದು ಹೆಜ್ಜೆ ಸವೆಸುವ ಜನಸ್ತೋಮ. ಗಾಂಧಿ ಬಜಾರಿನ ಮಗ್ಗುಲಲ್ಲೇ ಮೂರು ದಶಕಗಳಿಂದ ನೆಲೆಸಿರುವ ನಮ್ಮ ಕುಟುಂಬಕ್ಕೆ ಅದು ಮನೆಯ ಹಬ್ಬವೇ ಸರಿ. ಆ ಹಬ್ಬವೇ 2024ರಲ್ಲಿ ನಮಗೊಂದು ಪಾಠ ಕಲಿಸಿತು. ಅದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ.

ಆ ಸಂಜೆ ನನ್ನ ಧರ್ಮಪತ್ನಿ ಏಳು ವರ್ಷದ ಮೊಮ್ಮಗನ ಕೈ ಹಿಡಿದು ಮುಂದೆ ನಡೆದಿದ್ದರು. ನಾನು ಒಂದು ಸೇರು ಕಡಲೆಕಾಯಿ ಅಳೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಕಾಣಲಿಲ್ಲ. ಮೊಬೈಲ್ ತೆಗೆದರೆ ಕರೆಯೇ ಹೋಗದು. ಒಂದೇ ಪ್ರದೇಶದಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಒಮ್ಮೆಗೇ ಫೋನು ಹಿಡಿದಾಗ ಅಲ್ಲಿನ ಗೋಪುರಗಳು ಆ ಭಾರವನ್ನು ತಾಳಲಾರವು. ಮುಕ್ಕಾಲು ಗಂಟೆ ಅಲೆದ ಮೇಲೆ ದೊಡ್ಡ ಗಣಪತಿ ಗುಡಿಯ ಬಳಿ ಮನೆಯವರು ಸಿಕ್ಕರು. ಆದರೆ ಮಗು ಜೊತೆಯಲ್ಲಿರಲಿಲ್ಲ! "ಏನ್ರೀ, ನಿಮ್ಮ ಹತ್ತಿರ ಬಂದಿಲ್ಲವೇ?" ಎಂದವರು ಅಲ್ಲೇ ಕುಸಿದು ಕುಳಿತರು. ಮತ್ತೆ ಅರ್ಧ ಗಂಟೆ ಹುಡುಕಿದೆವು. ಕಡಲೆಕಾಯಿ ಮಾರುವ ಒಬ್ಬ ತಾಯಿ ಅಳುತ್ತಿದ್ದ ಹುಡುಗನನ್ನು ತನ್ನ ರಾಶಿಯ ಪಕ್ಕದಲ್ಲೇ ಕೂರಿಸಿಕೊಂಡು, "ಎಲ್ಲೂ ಹೋಗಬೇಡ ಮಗ, ನಿಮ್ಮೋರೇ ಬರ್ತಾರೆ" ಎಂದು ಕಾದಿದ್ದಳು. ಆ ಪುಣ್ಯಾತ್ಮಳ ಋಣವನ್ನು ತೀರಿಸಲು ಸಾಧ್ಯವಿಲ್ಲ.

ಗುಡಿಯ ಪಕ್ಕದ ಬಂಡೆಗೆ ಕಹಳೆ ಬಂಡೆ ಎಂದು ಹೆಸರು. ಹಿಂದಿನ ಕಾಲದಲ್ಲಿ ಕಾವಲುಗಾರರು ಅದರ ಮೇಲೆ ನಿಂತು ಕಹಳೆ ಊದಿ ಊರವರನ್ನು ಎಚ್ಚರಿಸುತ್ತಿದ್ದರೆಂದು ಹಿರಿಯರು ಹೇಳುವರು. ಮನೆಗೆ ಮರಳುವಾಗ ಅದೇ ನನ್ನ ಮನಸ್ಸಿನಲ್ಲಿ ಸುಳಿಯಿತು. ಯಾವ ಗೋಪುರದ ಹಂಗೂ ಇಲ್ಲದೆ ನೇರವಾಗಿ ಕಿವಿಯಿಂದ ಕಿವಿಗೆ ತಲುಪುವ ಕಹಳೆಯೊಂದು ಇಂದಿನ ಸಂಸಾರಗಳಿಗೂ ಬೇಕಲ್ಲವೇ? ಅಂಥದೊಂದು ಇದೆ. ಅದೇ ವಾಕಿಟಾಕಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಕೈಸೇರಿದ ಈ ಸಾಧನ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ನೇರವಾಗಿ ಮಾತನ್ನು ಒಯ್ಯುತ್ತದೆ. ನಡುವೆ ಗೋಪುರವಿಲ್ಲ, ಸಿಮ್ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ.

2025ರ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ನಮ್ಮ ಮಗಳು ಬಂದಳು. ನಡೆದ ಸಂಗತಿಯನ್ನು ದೂರವಾಣಿಯಲ್ಲಿ ಕೇಳಿ ನೊಂದಿದ್ದ ಅವಳು ಅಲ್ಲಿಂದಲೇ ಒಂದು ಜೋಡಿ ವಾಕಿಟಾಕಿ ತಂದಿದ್ದಳು. ಅದನ್ನು ಕಂಡು ನಾನು ಹಿಗ್ಗಿದೆ. ಆದರೆ ದೂರಸಂಪರ್ಕ ಇಲಾಖೆಯಿಂದ ನಿವೃತ್ತರಾದ ನಮ್ಮ ನೆರೆಯವರು ಡಬ್ಬಿಯನ್ನು ತಿರುಗಿಸಿ ನೋಡಿ ತಲೆಯಾಡಿಸಿದರು. "ಸ್ವಾಮಿ, ಇದು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನದು. ಅಲ್ಲಿ ಮನೆಮಂದಿಗೆಂದೇ ಬಿಟ್ಟ ಕಂಪನಾಂಕ. ನಮ್ಮಲ್ಲಿ ಪರವಾನಗಿಯಿಲ್ಲದೆ ಬಳಸುವಂತಿಲ್ಲ" ಎಂದರು.

ಮಗಳ ಮುಖ ಬಾಡಿತು. "ಅಪ್ಪಾಜಿ, ಅಲ್ಲಿ ಮಕ್ಕಳೂ ಇದನ್ನು ಹಿಡಿದು ಆಡುತ್ತವೆ. ಇಲ್ಲಿ ಯಾರು ಬಂದು ಕೇಳುತ್ತಾರೆ?" ಎಂದಳು. ನನಗೆ ಉತ್ತರ ಕೂಡಲೇ ಹೊಳೆಯಲಿಲ್ಲ. ನಾನು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಅಲ್ಲಿ ಪಂಕ್ತಿಯಲ್ಲಿ ಯಾರೂ ನೋಡದಿರುವಾಗ ಇನ್ನೊಬ್ಬನ ಎಲೆಗೆ ಕೈಯಿಡಬಾರದೆಂಬುದು ಮೊದಲ ಪಾಠವಾಗಿತ್ತು. ಆಕಾಶವೂ ಒಂದು ಪಂಕ್ತಿಯೇ. ಪೊಲೀಸರು, ವಿಮಾನದವರು, ಅಗ್ನಿಶಾಮಕದವರು ತಮ್ಮ ತಮ್ಮ ಪಾಲಿನ ಕಂಪನಾಂಕದಲ್ಲಿ ಮಾತಾಡುತ್ತಾರೆ. ನಾವು ಅರಿಯದೆ ಅದರೊಳಗೆ ಬಾಯಿ ಹಾಕಿದರೆ ಯಾರದೋ ಆಪತ್ತಿನ ಕರೆ ಮುಳುಗಿಹೋದೀತು. ನಮ್ಮ ಮಗು ಸಿಕ್ಕಲೆಂದು ಮತ್ತೊಬ್ಬರ ಮಗುವಿಗೆ ಬರುವ ನೆರವನ್ನು ತಡೆಯಬಹುದೇ? ಇದನ್ನು ಮೆಲ್ಲಗೆ ಹೇಳಿದೆ. ಅವಳು ಮರುಮಾತಾಡದೆ ಡಬ್ಬಿಯನ್ನು ಮುಚ್ಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಮಗಳ ಪ್ರೀತಿಯ ಉಡುಗೊರೆಯನ್ನು ಹಿಂದಿರುಗಿಸಿದ ನೋವು ನನಗೂ ಇತ್ತು.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ನೆರೆಯವರೇ ತಿಳಿಸಿಕೊಟ್ಟರು. ನಮ್ಮ ದೇಶದಲ್ಲಿ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಕೆಲಸಮಾಡುವ ಅಲ್ಪಶಕ್ತಿಯ ಕೈರೇಡಿಯೊಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಯೂರೋಪಿನ ಸಂಸಾರಗಳು ಬಳಸುವುದೂ ಇದೇ ಪಟ್ಟಿಯನ್ನು. ಅಲ್ಲಿ ಅದಕ್ಕೆ ಅರ್ಧ ವ್ಯಾಟ್ ಶಕ್ತಿಯ ಮಿತಿಯಿದೆ. ಬಳಸುವವರಿಗೆ ಪರವಾನಗಿ ಬೇಡವಾದರೂ ಮಾರುವ ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ಇಟಿಎ ಎಂಬ ಮಾದರಿ ಅನುಮೋದನೆ ಇರಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರ್ಜಾಲದ ಮಾರಾಟ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿ, ಕಂಪನಾಂಕವನ್ನೂ ಅನುಮೋದನೆಯ ವಿವರವನ್ನೂ ತೋರಿಸದೆ ವಾಕಿಟಾಕಿ ಮಾರಬಾರದೆಂದು ವಿಧಿಸಿದೆ.

ಈ ತಿಳಿವಳಿಕೆಯೊಡನೆ ಎಸ್.ಪಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಐದು ವ್ಯಾಟಿನ ಸೆಟ್ಟನ್ನು ಅಗ್ಗದ ಬೆಲೆಗೆ ಮುಂದಿಟ್ಟು, "ಯಜಮಾನರೇ, ಇದರಲ್ಲಿ ಯಾವ ಫ್ರೀಕ್ವೆನ್ಸಿ ಬೇಕಾದರೂ ಹಾಕಿಕೊಳ್ಳಬಹುದು" ಎಂದರು. ಅದೇ ಅದರ ದೋಷವೆಂದು ನಾನು ಕೈಮುಗಿದು ಹೊರಬಂದೆ. ಇನ್ನೊಂದು ಡಬ್ಬಿಯ ಮೇಲೆ ಮೂವತ್ತು ಕಿಲೋಮೀಟರ್ ದೂರ ಕೇಳಿಸುವುದೆಂದು ಬರೆದಿತ್ತು. ಬಂಧುಗಳೇ, ಇಂಥ ಅಂಕಿಗೆ ಮರುಳಾಗಬೇಡಿ. ಈ ತರಂಗಗಳು ಹೆಚ್ಚುಕಡಿಮೆ ದೃಷ್ಟಿಯಂತೆ ನೇರವಾಗಿ ಸಾಗುವಂಥವು. ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ಸಮತಟ್ಟಾದ ಬಯಲಿನಲ್ಲಿ ದಿಗಂತವೇ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರ. ಬೆಟ್ಟದಿಂದ ಬೆಟ್ಟಕ್ಕೆ ಬೇರೆ ಮಾತು. ಪೇಟೆಯ ಕಟ್ಟಡಗಳ ನಡುವೆ ಅರ್ಧದಿಂದ ಒಂದು ಕಿಲೋಮೀಟರ್ ಕೇಳಿಸಿದರೆ ಅದೇ ಭಾಗ್ಯ.

ಕೊನೆಗೆ 446ರ ಪಟ್ಟಿಯ, ಅನುಮೋದನೆಯ ವಿವರ ಮುದ್ರಿತವಾದ, ನಮ್ಮ ಮಿತಿಗೆ ಒಗ್ಗುವ ಒಂದು ಜೋಡಿ ಸಿಕ್ಕಿತು. ಕೊಳ್ಳುವ ಮುನ್ನ ನಾನು ನೋಡಿದ ಅಂಶಗಳು ಇವು. ಬೆಲೆ ಒಂದು ಸೆಟ್ಟಿಗೋ ಜೋಡಿಗೋ ಎಂದು ಮೊದಲೇ ಕೇಳಬೇಕು. ಮಾತಾಡುವ ಗುಂಡಿ ವಯಸ್ಸಾದವರ ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು. ಅಂಗಡಿಯಲ್ಲೇ ಸೆಲ್ ಸಿಗುವ ಮಾದರಿಯೋ, ಚಾರ್ಜ್ ಮಾಡುವ ಬ್ಯಾಟರಿಯೋ ಎಂಬುದನ್ನು ಪ್ರಯಾಣಕ್ಕೆ ತಕ್ಕಂತೆ ನಿರ್ಧರಿಸಬೇಕು. ಗದ್ದಲದಲ್ಲಿ ಕೇಳಲು ಇಯರ್‌ಫೋನ್ ಸಿಕ್ಕಿಸುವ ತೂತು ಇರಬೇಕು. ಡಬ್ಬಿಯ ಮೇಲೆ ಗುಪ್ತ ಸಂಕೇತ ಎಂದು ಬರೆದಿದ್ದರೂ ಮಾತು ಗುಟ್ಟಾಗಿ ಉಳಿಯದು. ಅದೇ ಚಾನೆಲ್ಲಿನಲ್ಲಿರುವ ಯಾರಾದರೂ ಕೇಳಬಲ್ಲರು. ಆದ್ದರಿಂದ ಮನೆಯ ವಿಳಾಸ, ಹಣದ ವಿಚಾರ ಅದರಲ್ಲಿ ಸಲ್ಲದು.

ಮೊದಲ ಪರೀಕ್ಷೆ ಗಾಂಧಿ ಬಜಾರಿನಲ್ಲೇ ನಡೆಯಿತು. ನಾನು ಹೂವಿನ ಅಂಗಡಿಗಳ ಬಳಿ ನಿಂತೆ. ಅಳಿಯ ಮತ್ತು ಮೊಮ್ಮಗ ಕಹಳೆ ಬಂಡೆಯ ಮೇಲೆ ನಿಂತರು. "ತಾತ, ಕೇಳಿಸ್ತಾ?" ಎಂಬ ದನಿ ಸ್ಪಷ್ಟವಾಗಿ ಬಂತು. ಅವರು ಬಂಡೆಯಿಳಿದು ಮರೆಗೆ ಹೋದೊಡನೆ ಬರಿಯ ಗೊರಗೊರ ಸದ್ದು. ದಸರೆಯ ರಜೆಯಲ್ಲಿ ಶಿವಗಂಗೆಗೆ ಹೋದಾಗಲೂ ಇದೇ ಅನುಭವ. ಮನೆಯವರು ಕೆಳಗೆ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಉಳಿದರು. ಹತ್ತುವವರು ಬಂಡೆಯ ಹಿಂದೆ ಸರಿದಾಗ ಮಾತು ಕಡಿಯಿತು, ತುದಿಯ ನಂದಿಯ ಬಳಿ ತಲುಪಿದಾಗ ಮತ್ತೆ ಹತ್ತಿರ ಬಂತು.

ಈ ಸಾಧನಕ್ಕೊಂದು ಗುಣವಿದೆ. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರು ಕೇಳಲೇಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಇಬ್ಬರ ಮಾತೂ ಕೆಡುತ್ತದೆ. ಗಮಕದಲ್ಲಿ ವಾಚಕರು ಓದುವಾಗ ವ್ಯಾಖ್ಯಾನಕಾರರು ಸುಮ್ಮನಿರುವ ಶಿಸ್ತಿನಂತೆಯೇ ಇದು. ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡುವುದು. ಎಲ್ಲಿದ್ದೇವೆಂಬುದನ್ನು ಮೊದಲು ಹೇಳುವುದು. ಕೇಳಿಸಿಕೊಂಡವರು ಅದನ್ನೇ ಮರಳಿ ಹೇಳುವುದು. ಕೊನೆಯದಾಗಿ, ಸೆಟ್ಟು ಕೈಕೊಟ್ಟರೆ ಎಲ್ಲರೂ ಕೂಡುವ ಜಾಗವನ್ನು ಹೊರಡುವ ಮುನ್ನವೇ ಗೊತ್ತುಮಾಡುವುದು.

2025ರ ಪರಿಷೆಯಲ್ಲಿ ಈ ಕೊನೆಯ ಕಟ್ಟಳೆಯೇ ದೊಡ್ಡದೆಂದು ಮನವರಿಕೆಯಾಯಿತು. ಜನರ ಗದ್ದಲದಲ್ಲಿ, ಪೀಪಿಗಳ ಸದ್ದಿನಲ್ಲಿ ಮನೆಯವರಿಗೆ ನನ್ನ ಮಾತು ಎರಡು ಬಾರಿ ಕೇಳಿಸಲೇ ಇಲ್ಲ. ಮೂರನೆಯ ಬಾರಿ ಉತ್ತರ ಬಂದದ್ದು ಮೊಮ್ಮಗನದು. "ತಾತ, ನಾವು ಕಹಳೆ ಬಂಡೆ ಬಾಗಿಲ ಹತ್ತಿರ ಇದ್ದೀವಿ. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದಾರೆ." ಅದು ನಾವು ಮೊದಲೇ ಗೊತ್ತುಮಾಡಿದ ಜಾಗ. ಯಂತ್ರ ಮೂಕವಾಗಿದ್ದರೂ ನಾನು ಅಲ್ಲಿಗೇ ಹೋಗುತ್ತಿದ್ದೆ. ಆದರೆ ಆ ದನಿ ಕೇಳಿ ಎದೆಯ ಭಾರ ಇಳಿದದ್ದು ಸುಳ್ಳಲ್ಲ.

ಆ ರಾತ್ರಿ ಅಮೆರಿಕದ ಮಗಳಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಅಪ್ಪಾಜಿ, ಮುಂದಿನ ಸಲ ಬಂದಾಗ ನನಗೂ ಒಂದು ಸೆಟ್ಟು ತೆಗೆದಿಡಿ, ಅಲ್ಲಿಯದೇ" ಎಂದಳು.