10 ಯೆನ್ ನಾಣ್ಯ

ಕ್ಯೋಟೋಗೆ ಬಂದ ಮೊದಲ ವಾರ ನಾನು ಆಡಿದ್ದು ಒಂದೇ ಮಾತು: ‘ಸುಮಿಮಾಸೆನ್’, ಕ್ಷಮಿಸಿ. ದಾವಣಗೆರೆಯ ವಿದ್ಯಾನಗರದಿಂದ ಅಮ್ಮ ಫೋನ್ ಮಾಡಿ ‘ಯಾರ ಹತ್ರ ಆದ್ರೂ ಮಾತಾಡಿದ್ಯೇನೋ?’ ಅಂದಾಗೆಲ್ಲ ‘ಹೂಂ’ ಎಂದು ಸುಳ್ಳು ಹೇಳುತ್ತಿದ್ದೆ.

ಭಾನುವಾರ ನಾರಾಕ್ಕೆ ಹೊರಟವನು ಉಜಿಯಲ್ಲಿ ತಪ್ಪಿ ಇಳಿದೆ. ಹರಿಹರದ ಬಸ್ಸಾದರೆ ಕಂಡಕ್ಟರ್ ಕೂಗಿಗೆ ನಿದ್ದೆಯಲ್ಲೂ ಇಳಿಯಬಹುದು. ಇಲ್ಲಿಯ ರೈಲಿನ ದನಿ ಮೃದು, ಆದರೆ ಒಂದಕ್ಷರವೂ ತಿಳಿಯದು. ಸೇತುವೆಯ ತುದಿಯಲ್ಲಿ ತುಂಗಭದ್ರೆಯನ್ನು ನೆನೆಯುತ್ತ ನಿಂತಿದ್ದಾಗ ಅಜ್ಜಿಯೊಬ್ಬರು ಏನೋ ಕೇಳಿದರು. ತಲೆಯಾಡಿಸಿದೆ. ಅವರು ಪರ್ಸಿನಿಂದ 10 ಯೆನ್ ನಾಣ್ಯ ತೆಗೆದು ಅದರ ಮೇಲಿನ ಗುಡಿ ತೋರಿಸಿದರು, ಆಮೇಲೆ ಪಕ್ಕದ ಓಣಿಯನ್ನು. 1053ರ ಬ್ಯೋದೋಇನ್ ಮಂಟಪ ಅದೇ ಊರಲ್ಲಿತ್ತು!

ಬಾಗಿಲವರೆಗೂ ಜೊತೆಗೇ ಬಂದರು. ಅವರ ಮಾತೆಲ್ಲ ‘ನೆ’ ಎಂದು ಮುಗಿಯುತ್ತಿತ್ತು, ನಮ್ಮ ‘ಅಲ್ವಾ’ ಥರ. ನಾನೂ ಕನ್ನಡದಲ್ಲೇ ಶುರುಮಾಡಿದೆ.

ರಾತ್ರಿ ಅಮ್ಮನಿಗೆ ‘ಹೂಂ, ಮಾತಾಡಿದೆ’ ಅಂದೆ.

‘ಏನು ಮಾತಾಡಿದ್ರಿ?’

‘ಗೊತ್ತಿಲ್ಲಮ್ಮ.’