ಎತ್ತು ಏರಿಗೆ, ಕೋಣ ನೀರಿಗೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಟ್ಟಿದವರು ಮೋಟಾರುಗಾಡಿಯನ್ನು ಕಂಡವರಲ್ಲ. ಆದರೂ ಕಾರಿನ ಡಿಕ್ಕಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವ ಆಂಪ್ಲಿಫೈಯರು, ಸಬ್‌ವೂಫರು ಎಂಬ ಎರಡು ವಸ್ತುಗಳಿಗೆ ಆ ಗಾದೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದು. ಒಂದು ಶಕ್ತಿಯನ್ನು ಕೊಡುವುದು. ಇನ್ನೊಂದು ಆ ಶಕ್ತಿಯನ್ನು ನಾದವಾಗಿಸುವುದು. ಬೇರೆಬೇರೆಯಾಗಿ ನೋಡಿದರೆ ಎರಡೂ ಒಳ್ಳೆಯ ತಳಿಯವೇ. ಒಂದೇ ನೊಗಕ್ಕೆ ಹೂಡಿದಾಗಲೇ ಅವುಗಳ ಗುಣ ತಿಳಿಯುವುದು.

ಉದ್ಯೋಗಕ್ಕೆ ಸೇರಿ, ಉಳಿಸಿದ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡ ತರುಣನಿಗೆ ಈ ಜೋಡಿಯ ಬಯಕೆ ಹುಟ್ಟುವುದು ಸಹಜ. ಕಾರಿನ ಬಾಗಿಲಲ್ಲಿರುವ ಪುಟ್ಟ ಸ್ಪೀಕರುಗಳು ಕೊಳಲನ್ನೂ ಪಿಟೀಲನ್ನೂ ಸೊಗಸಾಗಿ ಕೇಳಿಸುತ್ತವೆ. ಮೃದಂಗದ ಎಡ ಮುಖದ ಗುಂಕಾರ ಬಂದಾಗ ಸೋತುಹೋಗುತ್ತವೆ. ಡೊಳ್ಳಂತೂ ಅವುಗಳಲ್ಲಿ ತಗಡಿನ ಡಬ್ಬವಾಗುವುದು. ಮಂದ್ರನಾದ ಬೇಕಾದರೆ ಬಹಳ ಗಾಳಿಯನ್ನು ತಳ್ಳಬಲ್ಲ ದೊಡ್ಡ ಸ್ಪೀಕರೇ ಬೇಕು. ತರುಣನು ಅಂಗಡಿಗೆ ಹೋಗುತ್ತಾನೆ. ಪೆಟ್ಟಿಗೆಯ ಮೇಲೆ 2000 ವ್ಯಾಟ್ ಎಂಬ ಕೆಂಪು ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿಗೆ ವಿಚಾರ ಮುಗಿಯಿತು. ಹಣ ಎಣಿಸುವುದೊಂದೇ ಉಳಿಯಿತು.

ಆ ಅಂಕೆಯನ್ನು ಹಾಗೆಯೇ ನಂಬಲಾಗದು. ಜಾತ್ರೆಯ ದಿನ ಗುಂಡುಕಲ್ಲನ್ನು ಕ್ಷಣಕಾಲ ಎತ್ತಿ ಹಿಡಿದವನು ಅದನ್ನು ಹೊತ್ತು ದಿನವಿಡೀ ನಡೆಯಬಲ್ಲನೆ? ಪೆಟ್ಟಿಗೆಯ ಮೇಲಿನ ದೊಡ್ಡ ಅಂಕೆ ಬಹುಮಟ್ಟಿಗೆ ಇಂಥ ಕ್ಷಣಮಾತ್ರದ ಸಾಹಸ. ನೋಡಬೇಕಾದುದು ಕೈಪಿಡಿಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುವ ಆರ್.ಎಂ.ಎಸ್. ಅಂಕೆಯನ್ನು. ಎಡೆಬಿಡದೆ ಸಲ್ಲುವ ಶಕ್ತಿ ಅದು. ಈ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲೆಂದು ಅಮೆರಿಕದ ತಯಾರಕರ ಸಂಘ 2003ರಲ್ಲಿ ಒಂದು ಅಳತೆಗೋಲನ್ನು ಗೊತ್ತುಪಡಿಸಿತು. 14.4 ವೋಲ್ಟ್ ಒತ್ತಡ, 4 ಓಮ್ ತಡೆ, ಶೇಕಡಾ 1ಕ್ಕೆ ಮೀರದ ನಾದವಿಕೃತಿ. ಈ ಕಟ್ಟಳೆಯೊಳಗೆ ದೊರೆತುದೇ ಆಂಪ್ಲಿಫೈಯರಿನ ನಿಜವಾದ ಬಲ.

ವ್ಯಾಟ್ ಹೊಂದಿದ ಮಾತ್ರಕ್ಕೆ ಸಾಲದು; ಓಮ್ ಸಹ ಹೊಂದಬೇಕು. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಡಿಕ್ಕಿಯೊಳಗೂ ಆಳುತ್ತಿದೆ: ಒತ್ತಡ ಅಷ್ಟೇ ಇದ್ದು ತಡೆ ಅರ್ಧವಾದರೆ, ಪ್ರವಾಹ ಇಮ್ಮಡಿಯಾಗುವುದು. ಸಬ್‌ವೂಫರು ಒಡ್ಡುವ ತಡೆಯನ್ನು ಬಲ್ಲವರು ಇಂಪೀಡನ್ಸ್ ಎನ್ನುವರು. ಒಂದೇ ಸಬ್‌ವೂಫರಿನಲ್ಲಿ 4 ಓಮಿನ ಎರಡು ಸುರುಳಿಗಳಿರುವುದುಂಟು. ಅವನ್ನು ಸರಣಿಯಲ್ಲಿ ಪೋಣಿಸಿದರೆ 8 ಓಮ್. ಸಮಾಂತರವಾಗಿ ಕಟ್ಟಿದರೆ 2 ಓಮ್. ಅಂಥ ಎರಡು ಸಬ್‌ವೂಫರುಗಳ ನಾಲ್ಕು ಸುರುಳಿಗಳನ್ನೂ ಸಮಾಂತರವಾಗಿ ಕಟ್ಟಿದರೆ ಉಳಿಯುವುದು 1 ಓಮ್ ಮಾತ್ರ. 2 ಓಮಿಗಿಂತ ಕೆಳಗೆ ಇಳಿಯಬಾರದೆಂದು ತಯಾರಕರು ವಿಧಿಸಿರುವ ಆಂಪ್ಲಿಫೈಯರಿಗೆ ಇದು ಹೊರಲಾರದ ಹೊರೆ. ಮೊದಲು ಅದು ಕಾಯುವುದು; ರಕ್ಷಣೆಯ ಏರ್ಪಾಡಿದ್ದರೆ ಮೌನ ತಾಳುವುದು; ಇಲ್ಲವಾದರೆ ಸುಟ್ಟುಹೋಗುವುದು. ಅವೇ ಸುರುಳಿಗಳನ್ನು ಪ್ರತಿಯೊಂದು ಸಬ್‌ವೂಫರಿನೊಳಗೆ ಸರಣಿಯಲ್ಲಿ ಪೋಣಿಸಿ, ಆಮೇಲೆ ಎರಡನ್ನೂ ಸಮಾಂತರವಾಗಿ ಕೂಡಿಸಿದ್ದರೆ 4 ಓಮ್ ದೊರೆತು ಸಂಸಾರ ನೆಮ್ಮದಿಯಿಂದ ಸಾಗುತ್ತಿತ್ತು. ಒಂದೊಂದೂ 150 ವ್ಯಾಟ್ ಆರ್.ಎಂ.ಎಸ್. ತಾಳುವ ಆ ಜೋಡಿಗೆ, 4 ಓಮಿನಲ್ಲಿ 300 ವ್ಯಾಟ್ ಕೊಡುವ ಆಂಪ್ಲಿಫೈಯರು ಸರಿಯಾದ ಸಂಬಂಧ.

ಹಾಗಾದರೆ ಚಿಕ್ಕ ಆಂಪ್ಲಿಫೈಯರನ್ನು ತಂದರೆ ಕ್ಷೇಮವಲ್ಲವೆ ಎಂದು ಮನೆಯ ಹಿರಿಯರು ಕೇಳಬಹುದು. ಬಿರಡೆಯನ್ನು ಮಿತಿಯಲ್ಲಿ ತಿರುಗಿಸುವವರೆಗೆ ಕ್ಷೇಮವೇ. ಆದರೆ ಸಾಲದ ಸದ್ದು ಆಸೆಯನ್ನು ಕೆರಳಿಸುವುದು. 100 ವ್ಯಾಟಿನ ಆಂಪ್ಲಿಫೈಯರಿನಿಂದ ಅದರ ಶಕ್ತಿಗೆ ಮೀರಿದ್ದನ್ನು ಬೇಡಿದಾಗ ನಾದದ ಅಲೆಗಳ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುವುದು. ಅಲೆ ಪೂರ್ತಿ ಚೌಕವಾದರೆ ಸರಾಸರಿ ಶಕ್ತಿ 200 ವ್ಯಾಟಿನ ಸಮೀಪಕ್ಕೆ ಏರುವುದು. 100 ವ್ಯಾಟನ್ನಷ್ಟೇ ತಾಳುವ ಸುರುಳಿ ಆ ಕಾವನ್ನು ಎಷ್ಟು ಹೊತ್ತು ಸಹಿಸೀತು? ಒಡಕುದನಿಯೇ ಅದರ ಎಚ್ಚರಿಕೆ. ಕೇಳಿದೊಡನೆ ಬಿರಡೆಯನ್ನು ಇಳಿಸುವವನು ಜಾಣ.

ಈ ಇಬ್ಬರ ಖರ್ಚನ್ನು ತೂಗಿಸುವ ಬ್ಯಾಟರಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಶೇಕಡಾ 80ರಷ್ಟು ದಕ್ಷತೆಯುಳ್ಳ ಆಂಪ್ಲಿಫೈಯರು 500 ವ್ಯಾಟ್ ಕೊಡಬೇಕಾದರೆ 625 ವ್ಯಾಟನ್ನು ಬೇಡುವುದು, 12.5 ವೋಲ್ಟಿನ ಲೆಕ್ಕದಲ್ಲಿ ಅದು 50 ಆಂಪಿಯರ್! ಅಷ್ಟು ಪ್ರವಾಹಕ್ಕೆ ಸಪೂರ ತಂತಿ ಕಾದು ಹೊದಿಕೆ ಕರಗುವುದು. ಬ್ಯಾಟರಿಯ ಬಳಿಯಲ್ಲೇ ತಕ್ಕ ಫ್ಯೂಸ್ ಇಲ್ಲದಿದ್ದರೆ ಬೆಂಕಿಯೂ ಹತ್ತಬಹುದು. ಹಿಂದಿನ ಆಸನದಲ್ಲಿ ತಾಯಿಯೂ ತಂಗಿಯೂ ಕುಳಿತಿರುವ ಕಾರಿನಲ್ಲಿ ತಂತಿಯ ದಪ್ಪದಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ.

ಇಷ್ಟೆಲ್ಲ ದುಂದು ಮಾಡಿ ಗಳಿಸುವುದಾದರೂ ಎಷ್ಟು? 300 ವ್ಯಾಟಿನ ಬದಲು 600 ವ್ಯಾಟ್ ಹರಿಸಿದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಇಮ್ಮಡಿಯಲ್ಲ. ಅಷ್ಟಿಷ್ಟು ಹೆಚ್ಚು, ಅಷ್ಟೆ. ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಬೆನ್ನಟ್ಟಿದವನು ಹಣವನ್ನು ಕಳೆದುಕೊಂಡು ಮಂದ್ರವನ್ನೂ ಕಳೆದುಕೊಳ್ಳುತ್ತಾನೆ. ಎರಡು ಕೈಪಿಡಿಗಳನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಓಮಿಗೆ ಓಮನ್ನೂ ವ್ಯಾಟಿಗೆ ವ್ಯಾಟನ್ನೂ ತೂಗಿ ನೋಡಿದವನ ಕಾರಿನಲ್ಲಿ ಯಂತ್ರಗಳ ಇರವೇ ಮರೆತುಹೋಗುವುದು. ತನಿಯಾವರ್ತನದ ಹೊತ್ತಿಗೆ ಹಿಂದಿನ ಆಸನದ ತಾಯಿಯ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುವುದು.