ತಲೆಯ ಹೊರೆಗೆ ಇನ್ನೊಂದು ಕೈ

ಮಣಿಪಾಲದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಕಾಪುವಿನ ಹುಡುಗಿಗೆ ಕೊರಿಯನ್ ಭಾಷೆ ಕಲಿಯುವ ಹುಚ್ಚು ಹಿಡಿದಿತ್ತು. ಮೊದಲು ಧಾರಾವಾಹಿಗಳು, ಆಮೇಲೆ ಹಾಡುಗಳು, ಕೊನೆಗೆ ವ್ಯಾಕರಣ. ಸಂಜೆ ಉಡುಪಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬರುವಷ್ಟರಲ್ಲಿ ದಿನಕ್ಕೆ ಐದಾರು ಶಬ್ದ ಬಾಯಿಪಾಠವಾಗುತ್ತಿತ್ತು. ಜಗಲಿಯಲ್ಲಿ ಕುಳಿತ ಅಜ್ಜಿಗೆ ಮೊಮ್ಮಗಳ ಈ ಗುಣುಗುಣು ಯಾವುದೋ ಮಂತ್ರದಂತೆ ಕೇಳಿಸುತ್ತಿತ್ತು.

ಒಂದು ವಾರ ಪಾಠ ನಿಂತದ್ದು ‘ಹೊರುವ’ ಕ್ರಿಯಾಪದಗಳ ಬಳಿ. ಕೊರಿಯನ್ನರು ಕೈಯಲ್ಲಿ ಹಿಡಿದರೆ ‘ದುಲ್ದಾ’, ಹೆಗಲಿಗೆ ಹಾಕಿಕೊಂಡರೆ ‘ಮೇದಾ’, ಬೆನ್ನ ಮೇಲೆ ಹೊರೆ ಹೊತ್ತರೆ ‘ಜಿದಾ’, ಎದೆಗೆ ಅಪ್ಪಿಕೊಂಡರೆ ‘ಆನ್ತಾ’ ಎನ್ನುತ್ತಾರೆ. ಮಗುವನ್ನು ಬೆನ್ನಿಗೆ ಏರಿಸಿಕೊಂಡರೆ ಅದು ‘ಒಪ್ತಾ’. ಅಲ್ಲಿನ ರೈತರು ಸೌದೆ ಹೊರಲು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಮರದ ಚೌಕಟ್ಟಿಗೆ ‘ಜಿಗೆ’ ಎಂದು ಹೆಸರು. ವಸ್ತು ಯಾವುದು ಎಂಬುದಕ್ಕಿಂತ ಅದರ ಭಾರ ಮೈಯ ಯಾವ ಭಾಗದ ಮೇಲೆ ಬಿತ್ತು ಎಂಬುದೇ ಅಲ್ಲಿ ಮುಖ್ಯ. ‘ದುಲ್ದಾ’ದ ಮೊದಲ ಸ್ವರವನ್ನು ಕನ್ನಡದಲ್ಲಿ ಸರಿಯಾಗಿ ಬರೆಯಲಾಗದು. ಆದರೆ ತುಳು ಬಲ್ಲವರಿಗೆ ಅದು ಕಷ್ಟವಲ್ಲ. ತುಳುವಿನ ‘ಪತ್ತ್’ ಎಂಬ ಮಾತಿನ ಕೊನೆಯಲ್ಲಿ ಬರುವ ಅರೆ ಉಕಾರವೇ ಹೆಚ್ಚು ಕಡಿಮೆ ಅದು.

“ತಲೆ ಮೇಲೆ ಹೊತ್ತರೆ ಏನನ್ನುತ್ತಾರೆ?” ಎಂದು ಅಜ್ಜಿ ಕೇಳಿದರು.

“ಇದಾ.”

ಅಜ್ಜಿ ತಟ್ಟನೆ ಕೈ ಚಾಚಿದರು. ತುಳುವಿನಲ್ಲಿ ‘ಇಂದಾ’ ಎಂದರೆ ‘ಇಗೋ, ತಕೋ’ ಎಂದರ್ಥ. ಕಿವಿ ಮಂದವಾದ ಅಜ್ಜಿಗೆ ಕೇಳಿಸಿದ್ದು ಅದೇ. ಇಬ್ಬರೂ ನಕ್ಕರು.

ಮೊಮ್ಮಗಳಿಗೆ ಆಗ ತಿಳಿದದ್ದು, ತನ್ನ ಮನೆಯಲ್ಲೇ ಇರುವ ಇಂಥ ಮಾತುಗಳನ್ನು ತಾನು ಒಮ್ಮೆಯೂ ವಿಚಾರಿಸಿರಲಿಲ್ಲ ಎಂಬುದು. ತುಳುವಿನಲ್ಲಿ ಹೊರುವುದಕ್ಕೆ ‘ತುಂಬುನಿ’ ಎನ್ನುತ್ತಾರೆ. ಹೊರೆ ಎಂದರೆ ‘ಪುದೆ’, ಎತ್ತುವುದೆಂದರೆ ‘ದೆರ್ಪುನಿ’. ಘಟ್ಟದ ಮೇಲಿನಿಂದ ಬಂದವರು ‘ತುಂಬು’ ಎಂದು ಕೇಳಿದರೆ ಗೋಣಿ ಬಿಚ್ಚಿ ಅಕ್ಕಿ ಸುರಿಯಲು ಹೊರಡುವುದು ಸಹಜ. ಹಾಗೆ ತುಂಬುವುದಕ್ಕೆ ತುಳುವಿನಲ್ಲಿ ‘ದಿಂಜಾವುನಿ’ ಎಂಬ ಬೇರೆಯೇ ಮಾತುಂಟು. ಈ ಶಬ್ದಗಳೆಲ್ಲ ಅನಾಥವಾಗಿಯೇನೂ ಇರಲಿಲ್ಲ. ಮೆನ್ನರ್ ಪಾದ್ರಿಯವರ ತುಳು-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1886ರಲ್ಲೇ ಅಚ್ಚಾಗಿತ್ತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟನ್ನು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದಿತು. ನಿಘಂಟು ಶಬ್ದವನ್ನು ಕಾಪಾಡೀತು. ಹೊತ್ತವರ ಕುತ್ತಿಗೆಯ ನೋವನ್ನು ಹೊತ್ತವರೇ ಹೇಳಬೇಕು.

ಅಜ್ಜಿ ಹೇಳಿದರು. ಕಡಲ ಬದಿಯಿಂದ ಮೀನಿನ ಬುಟ್ಟಿ ಹೊತ್ತು ಒಳನಾಡಿನ ಮನೆಗಳಿಗೆ ನಡೆದ ದಿನಗಳವು. ತಲೆಗೆ ಬಟ್ಟೆಯ ಸಿಂಬಿ, ಅದರ ಮೇಲೆ ಬುಟ್ಟಿ, ಕತ್ತಿನ ಹಿಂದೆ ಇಳಿಯುವ ಉಪ್ಪು ನೀರು. “ಹೊತ್ತು ನಡೆಯುವುದು ಕಷ್ಟವಲ್ಲ ಮಗಾ. ಬುಟ್ಟಿಯನ್ನು ತಲೆಗೆ ಏರಿಸುವಾಗ ಇನ್ನೊಬ್ಬರ ಕೈ ಬೇಕು, ಇಳಿಸುವಾಗಲೂ ಬೇಕು. ದಾರಿಯಲ್ಲಿ ಯಾರೂ ಸಿಗದಿದ್ದರೆ ಹೊತ್ತುಕೊಂಡೇ ನಿಂತಿರಬೇಕು.”

ಈಗ ಮೀನು ಟೆಂಪೋದಲ್ಲಿ, ಸ್ಕೂಟರಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ. ತಲೆಯಿಂದ ಇಳಿದ ಹೊರೆ ಮಾತಿನಲ್ಲಿ ಮಾತ್ರ ಉಳಿದಿದೆ. ಎರಡು ವರ್ಷಗಳಿಗೊಮ್ಮೆ ಉಡುಪಿಯ ಪರ್ಯಾಯದ ಕಾಲಕ್ಕೆ ಊರೂರುಗಳಿಂದ ಕೃಷ್ಣಮಠಕ್ಕೆ ಅಕ್ಕಿ, ತೆಂಗಿನಕಾಯಿ, ತರಕಾರಿಗಳ ‘ಹೊರೆಕಾಣಿಕೆ’ ಸಲ್ಲುತ್ತದೆ. ಬರುವುದು ಲಾರಿ, ಟೆಂಪೋಗಳ ಮೆರವಣಿಗೆಯಲ್ಲಿ. ಆದರೂ ಅದನ್ನು ಯಾರೂ ಲಾರಿಕಾಣಿಕೆ ಎನ್ನುವುದಿಲ್ಲ.

ಕಾರ್ಕಳದ ಮಾತೂ ಬಂತು. ರೆಂಜಾಳ ಗೋಪಾಲ ಶೆಣೈಯವರು ಅಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ಹಲವು ಚಕ್ರಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಹೊರಟಾಗ ದಾರಿಯುದ್ದಕ್ಕೂ ಜನವೋ ಜನ. ಆ ಗುಂಪಿನಲ್ಲಿ ಅಜ್ಜಿಯೂ ಇದ್ದರು. “ಕಲ್ಲು ಸಾಗಿಸಿದರು ಅಂತ ಹೇಳಲು ಬಾಯಿ ಬರುತ್ತದಾ? ಸ್ವಾಮಿ ಹೋದದ್ದು” ಎಂದರು. ನಮ್ಮ ಜಾತ್ರೆಗಳ ಆಮಂತ್ರಣ ಪತ್ರಿಕೆಗಳಲ್ಲೂ ದೇವರನ್ನು ಒಯ್ಯುವುದಿಲ್ಲ, ದೇವರು ‘ಬಿಜಯಂಗೈಯು’ತ್ತಾರೆ. ಕೊರಿಯನ್ನರಲ್ಲೂ ಹಿರಿಯರನ್ನು ಜೊತೆಯಲ್ಲಿ ಕರೆದೊಯ್ಯುವುದಕ್ಕೆ ‘ಮೋಶಿದಾ’ ಎಂಬ ಗೌರವದ ಮಾತು ಬೇರೆಯೇ ಉಂಟು. ವಸ್ತುವಾದರೆ ನಮ್ಮಂತೆಯೇ ‘ತಕೊಂಡು ಬಾ’, ‘ತಕೊಂಡು ಹೋಗು’ ಎಂದು ಎರಡು ಕ್ರಿಯೆಗಳನ್ನು ಹೆಣೆದು ಹೇಳುತ್ತಾರೆ.

ಆ ವ್ಯತ್ಯಾಸದ ಬೆಲೆ ಏನೆಂದು ತಿಳಿದದ್ದು ಆಟಿಯ ಒಂದು ಬೆಳಿಗ್ಗೆ. ಪಾಚಿಗಟ್ಟಿದ ಅಂಗಳದಲ್ಲಿ ಅಜ್ಜಿ ಜಾರಿದರು. ಪಾದ ಊದಿಕೊಂಡಿತು, ನೆಲಕ್ಕೆ ಊರಲಾಗದು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಫೋನಿನಲ್ಲಿ ಗಾಬರಿಯಿಂದ, “ಅಜ್ಜಿಯನ್ನು ಬೇಗ ಆಸ್ಪತ್ರೆಗೆ ತಕೊಂಡು ಹೋಗಿ” ಎಂದ. ನೋವಿನಲ್ಲೂ ಅಜ್ಜಿ ಸುಮ್ಮನಿರಲಿಲ್ಲ. “ತಕೊಂಡು ಹೋಗಲು ನಾನೇನು ಬುಟ್ಟಿಯಾ? ಕರಕೊಂಡು ಹೋಗಿ ಅಂತ ಹೇಳಲಿಕ್ಕೆ ಕಲಿಸಿ ಅವನಿಗೆ.”

ಮಳೆಗೆ ಕೆಸರಾದ ಓಣಿಯೊಳಗೆ ರಿಕ್ಷಾ ಬರುವಂತಿರಲಿಲ್ಲ. ಹುಡುಗಿ ಅಜ್ಜಿಯ ಮುಂದೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕುಳಿತಳು. ಅಜ್ಜಿ ಒಪ್ಪಲಿಲ್ಲ. ಬದುಕಿಡೀ ಹೊತ್ತವರಿಗೆ ಹೊರಿಸಿಕೊಳ್ಳುವುದೇ ನಾಚಿಕೆ. “ಚಿಕ್ಕವಳಿದ್ದಾಗ ನನ್ನನ್ನು ಉಪ್ಪಿನ ಮೂಟೆ ಮಾಡಲಿಲ್ಲವಾ ಅಜ್ಜಿ, ಈಗ ನೀವು ಬನ್ನಿ” ಎಂದಾಗ ಅವರು ಎರಡೂ ಕೈಗಳನ್ನು ಮೊಮ್ಮಗಳ ಕೊರಳಿಗೆ ಸುತ್ತಿದರು. ಆದರೂ ಹುಡುಗಿಗೆ ಏಳಲಾಗಲಿಲ್ಲ. ಪಕ್ಕದ ಮನೆಯಾಕೆ ಓಡಿ ಬಂದು ಹಿಂದಿನಿಂದ ಎತ್ತಿ ಕೊಟ್ಟರು.

ಮಳೆಯಲ್ಲಿ ಮೂವರೂ ನಿಧಾನವಾಗಿ ರಸ್ತೆಯ ಕಡೆ ಹೊರಟರು. ಪಕ್ಕದ ಮನೆಯಾಕೆ ಕೊಡೆ ಹಿಡಿದಿದ್ದರು. ಅರ್ಧ ದಾರಿಯಲ್ಲಿ ಅಜ್ಜಿ ಕಿವಿಯ ಬಳಿ ಕೇಳಿದರು.

“ಹೀಗೆ ಹೊತ್ತರೆ ಅವರಲ್ಲಿ ಏನನ್ನುತ್ತಾರೆ ಅಂದಿದ್ದಿ ಮಗಾ?”

“ಒಪ್ತಾ.”

“ಒಪ್ತದೆ” ಎಂದರು ಅಜ್ಜಿ. “ಇಳಿಸುವಾಗಲೂ ಯಾರನ್ನಾದರೂ ಕರಿ.”